ನಿದ್ದೆಗೆ ಜಾರುವಾಗ ಕೂಸು ಬೆಚ್ಚಿದರೆ

ತೊಟ್ಟಿಲಿಗೆ ಹಾಕಿದ ಕೂಡಲೇ ಕೂಸು ಎರಡೂ ಕೈ ಅಗಲಿಸಿ ಬೆಚ್ಚುತ್ತದೆ. ಇದು ದೃಷ್ಟಿ ತಾಗಿದ್ದಲ್ಲ. ತಲೆ ತಟ್ಟನೆ ಕೆಳಗಿಳಿದಾಗ ಬೀಳುವ ಭಾವಕ್ಕೆ ಮೈ ಹಾಗೆ ಸ್ಪಂದಿಸುತ್ತದೆ. 4ರಿಂದ 6 ತಿಂಗಳ ಹೊತ್ತಿಗೆ ತಾನೇ ಹೋಗುತ್ತದೆ. ಅಲ್ಲಿಯವರೆಗೆ ಮೊದಲು ಕುಂಡಿ, ಆಮೇಲೆ ಬೆನ್ನು, ಕೊನೆಗೆ ತಲೆ ಊರಿಸಿ. ತಲೆಯ ಕೆಳಗಿನ ಕೈ ಸರ್ರನೆ ಎಳೆಯಬೇಡಿ. ಇನ್ನೊಂದು ಅಂಗೈ ಒಂದು ನಿಮಿಷ ಎದೆಯ ಮೇಲೆ ಹಗುರಾಗಿರಲಿ.

ಬೆಚ್ಚುತ್ತದೆಂದು ಕೌದಿ ಸುತ್ತಿ ಬಿಗಿಯುವುದು ವಿಜಯಪುರದ ಏಪ್ರಿಲ್ ಬಿಸಿಲಿಗೆ ನಿಜಕ್ಕೂ ಅಪಾಯ. ಕೌದಿ ಮುಖಕ್ಕೆ ಬಂದರೆ ಉಸಿರು ಕಟ್ಟುತ್ತದೆ. ಗಟ್ಟಿಯಾದ ಸಮತಟ್ಟು ಹಾಸಿಗೆ, ಅಂಗಾತ ಮಲಗಿಸುವುದು, ತೆಳು ಹತ್ತಿಯ ಅಂಗಿ ಸಾಕು, ದಿಂಬು ಬೇಡ. ಕತ್ತಿನ ಹಿಂಭಾಗ ಬೆವತಿದ್ದರೆ ಬಟ್ಟೆ ಕಡಿಮೆ ಮಾಡಿ.

ಕಿವಿ ಉಜ್ಜುವುದು, 6 ತಿಂಗಳ ಮೇಲೆ ತಲೆ ಅತ್ತಿತ್ತ ಹೊರಳಿಸುವುದು ತನ್ನನ್ನು ತಾನೇ ತೂಗಿಕೊಳ್ಳುವ ರೀತಿ. ಜೊತೆಗೆ ಜ್ವರವಿದ್ದರೆ ಕಿವಿ ತೋರಿಸಿ.

ನಿದ್ದೆಯಲ್ಲಿ ಕೈಕಾಲು ಜಗ್ಗುತ್ತಿದ್ದರೆ ಮೆಲ್ಲಗೆ ಎಬ್ಬಿಸಿ. ಎಚ್ಚರಾದೊಡನೆ ನಿಂತರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಎಚ್ಚರಾದರೂ ನಿಲ್ಲದಿದ್ದರೆ, ತುಟಿ ನೀಲಿಗಟ್ಟಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಕೆಲವು ಸೆಕೆಂಡಿಗೊಮ್ಮೆ ತಲೆ ಬಾಗಿ ಮೈ ಮಡಚುವುದು ಸಾಲಾಗಿ ಬಂದರೆ ಮೊಬೈಲಿನಲ್ಲಿ ವಿಡಿಯೊ ತೆಗೆದು ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ.