ಬೇಲಿಯಿಂದ 200 ಅಡಿ

ಟೆಕ್ಸಾಸ್‌ನಲ್ಲಿರುವ ನಮ್ಮ ಮನೆಯ ಹಿಂದೆ 9 ಎಕರೆ ಖಾಲಿ ಜಾಗ ಇತ್ತು. 2023ರಲ್ಲಿ ನಗರದ ಪ್ಲಾನಿಂಗ್ ವಿಭಾಗದಿಂದ ಟಪಾಲಿನಲ್ಲಿ ಒಂದು ನೋಟಿಸ್ ಬಂತು. ಒಂಟಿ ಮನೆಗಳಿಗೆಂದು ಇಟ್ಟಿದ್ದ ಆ ಜಾಗದ ಝೋನಿಂಗ್ (ಎಲ್ಲಿ ಎಂಥ ಕಟ್ಟಡ ಬರಬಹುದು ಅನ್ನುವ ನಗರದ ನಿಯಮ) ಬದಲಾಯಿಸಿ 86 ಟೌನ್‌ಹೋಮ್, ಅಂದರೆ ಗೋಡೆಗೆ ಗೋಡೆ ಅಂಟಿದ ಸಾಲುಮನೆ, ಕಟ್ಟಲು ಬಿಲ್ಡರ್ ಅರ್ಜಿ ಹಾಕಿದ್ದರು. ಜನರ ಮಾತು ಕೇಳುವ ಮೊದಲ ಹಿಯರಿಂಗಿಗೆ ಎರಡು ವಾರವೂ ಇರಲಿಲ್ಲ. 200 ಅಡಿಯೊಳಗಿನ ಮಾಲೀಕರಿಗೆ 10 ದಿನ ಮುಂಚೆ ಪತ್ರ ಹಾಕಿದರೆ ಸಾಕು ಅನ್ನುತ್ತದೆ ರಾಜ್ಯದ ಕಾನೂನು.

ಟೌನ್‌ಹೋಮ್ ಬೇಡ ಅಂತ ನನಗೆ ಅನಿಸಲಿಲ್ಲ. ನಾವು ಈ ದೇಶದಲ್ಲಿ ಮೊದಲು ಕೊಂಡ ಮನೆಯೂ ಟೌನ್‌ಹೋಮೇ. ಒಂಟಿ ಮನೆ ಕೊಳ್ಳುವಷ್ಟು ದುಡ್ಡು ಆಗ ಎಲ್ಲಿತ್ತು? ನನ್ನ ಚಿಂತೆ ನೀರಿನದು. ಆ ಜಾಗ ನಮ್ಮ ಹಿತ್ತಲಿಗಿಂತ ಎತ್ತರದಲ್ಲಿದೆ. ಜೋರು ಮಳೆ ಬಂದರೆ ನೀರು ಬೇಲಿಯ ಕೆಳಗಿಂದ ನುಗ್ಗುತ್ತದೆ. ಬೇಲಿಯ ಕೆಳಗಿನ ಹಲಗೆ ಕೊಳೆತು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹುಲ್ಲಿದ್ದಾಗಲೇ ಹೀಗಾದರೆ, ಅಲ್ಲಿ 86 ಚಾವಣಿ, ಕಾಂಕ್ರೀಟು ಬಂದ ಮೇಲೆ ಏನು ಗತಿ?

ಅರ್ಜಿಯನ್ನು ಮೊದಲು ನೋಡುವ ಪ್ಲಾನಿಂಗ್ ಕಮಿಷನ್ ಮುಂದೆ ನಮ್ಮ ಬೀದಿಯ 20 ಜನ ಮಾತಾಡಿದೆವು. ತಲಾ 3 ನಿಮಿಷ. ಹೆಚ್ಚಿನವರು ಮನೆ ಬೆಲೆ ಇಳಿಯುತ್ತದೆ ಅಂದರು. ನಾನು ನೀರಿನ ಮಾತು ಬಿಟ್ಟು ಟ್ರಾಫಿಕ್ ಬಗ್ಗೆ ಹೇಳಿದೆ. ನಗರದ ಇಂಜಿನಿಯರ್ ಎದ್ದು, ಒಂಟಿ ಮನೆಗೆ ದಿನಕ್ಕೆ ಸುಮಾರು 9 ಸಲ ಗಾಡಿ ಓಡಾಟ, ಟೌನ್‌ಹೋಮಿಗೆ ಸುಮಾರು 7, ಒಟ್ಟು 600 ಚಿಲ್ಲರೆ ಓಡಾಟವನ್ನು ಆ ರಸ್ತೆ ತಾಳಿಕೊಳ್ಳುತ್ತದೆ ಅಂತ ವಿವರಿಸಿದರು. ನನ್ನ ಬಳಿ ಉತ್ತರ ಇರಲಿಲ್ಲ. ಕಮಿಷನ್ ಒಪ್ಪಿಗೆ ಕೊಟ್ಟಿತು. ಇನ್ನು ಉಳಿದದ್ದು ಕೊನೆಯ ತೀರ್ಮಾನ ಮಾಡುವ ಸಿಟಿ ಕೌನ್ಸಿಲ್.

ಆ ರಾತ್ರಿ ಕೂತು ಕಾನೂನು ಓದಿದೆ. ಆಗ ಟೆಕ್ಸಾಸ್‌ನಲ್ಲಿದ್ದ ನಿಯಮ ಇದು: ಬದಲಾಗುವ ಜಾಗದ ಸುತ್ತ 200 ಅಡಿಯೊಳಗಿನ ನೆಲದಲ್ಲಿ ಶೇ. 20ರಷ್ಟರ ಮಾಲೀಕರು ಬರಹದಲ್ಲಿ ವಿರೋಧಿಸಿ ಸಹಿ ಹಾಕಿದರೆ, ಕೌನ್ಸಿಲ್‌ನ ಎಲ್ಲ ಸದಸ್ಯರಲ್ಲಿ ಮುಕ್ಕಾಲು ಪಾಲು ಒಪ್ಪಲೇಬೇಕು. ನಮ್ಮಲ್ಲಿ ಮೇಯರ್ ಸೇರಿ 7 ಜನ. ಅಂದರೆ 4 ಓಟು ಸಾಲದು, 6 ಬೇಕು. (2025ರ ಸೆಪ್ಟೆಂಬರ್ 1ರಿಂದ ಇದು ಬದಲಾಗಿದೆ. ಹೆಚ್ಚು ಮನೆ ಕಟ್ಟಲು ಬಿಡುವಂಥ ಬದಲಾವಣೆಯನ್ನು ಹೀಗೆ ವಿರೋಧಿಸಲು ಈಗ ಶೇ. 60ರಷ್ಟು ನೆಲದ ಮಾಲೀಕರ ಸಹಿ ಬೇಕು. ಇಂದು ಯಾರಾದರೂ ನನ್ನ ದಾರಿ ಹಿಡಿದರೆ ಕಷ್ಟ ಜಾಸ್ತಿ.)

ಇಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಮೊದಲ ವಾರ ಪೂರ್ತಿ ಹಿಂದಿನ ಬೀದಿಯಲ್ಲಿ ಮನೆಮನೆ ಸುತ್ತಿ 31 ಸಹಿ ತಂದೆ. ನಕ್ಷೆಯಲ್ಲಿ ಅಳೆದು ನೋಡಿದರೆ ಆ ಮನೆಗಳೆಲ್ಲ 200 ಅಡಿ ಆಚೆ. ಒಂದೂ ಲೆಕ್ಕಕ್ಕಿಲ್ಲ. ಇಲ್ಲಿ ಎಣಿಸುವುದು ತಲೆಯನ್ನಲ್ಲ, ನೆಲವನ್ನು. ಸುತ್ತಲಿನ ಆ 200 ಅಡಿ ಪಟ್ಟಿ, ರಸ್ತೆಯ ಜಾಗವೂ ಸೇರಿ, 14 ಎಕರೆ ಚಿಲ್ಲರೆ ಆಗುತ್ತಿತ್ತು. ಅದರಲ್ಲಿ ನಮಗೆ ಬೇಕಾದದ್ದು ಸುಮಾರು 2.9 ಎಕರೆ.

ಪೂರ್ವಕ್ಕೆ ಒಬ್ಬ ಹಿರಿಯರ ದೊಡ್ಡ ಹಿತ್ತಲು ಇತ್ತು. ಅವರೊಬ್ಬರದೇ 1.6 ಎಕರೆ ಆ ಪಟ್ಟಿಯೊಳಗೆ ಬರುತ್ತಿತ್ತು. ನಮ್ಮ ಸಾಲಿನ 9 ಮನೆ ಸೇರಿದರೂ ಅಷ್ಟೇ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ನಾನು ಹೋದಾಗ ಅವರು ಕಾಗದವನ್ನು ಎರಡು ಸಲ ಓದಿದರು.

"ಮನೆ ಕಟ್ಟಬೇಡಿ ಅನ್ನಲು ನನ್ನಿಂದಾಗಲ್ಲ. ನನ್ನ ಮೊಮ್ಮಗಳೇ ಮನೆ ಹುಡುಕ್ತಾ ಇದ್ದಾಳೆ," ಅಂದರು.

"ನಾನೂ ಬೇಡ ಅನ್ನಲ್ಲ. ನೀರಿಗೆ ಒಂದು ದಾರಿ ಮಾಡಿ ಕಟ್ಟಲಿ. ಈ ಸಹಿ ಇಲ್ಲದಿದ್ದರೆ ನಮ್ಮ ಜೊತೆ ಮಾತಾಡೋಕೆ ಅವರು ಕೂರೋದೇ ಇಲ್ಲ," ಅಂದೆ.

ಅವರು ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಶೆಡ್ಡಿನ ಗೋಡೆ ತೋರಿಸಿದರು. ನೆಲದಿಂದ ಒಂದು ಗೇಣು ಎತ್ತರಕ್ಕೆ ಕೆಸರಿನ ಗೆರೆ. ಅಲ್ಲೇ ನಿಂತು ಸಹಿ ಹಾಕಿದರು.

ಒಟ್ಟು ಶೇ. 22 ಆಯಿತು. ಕೌನ್ಸಿಲ್ ಹಿಯರಿಂಗ್ ಒಂದು ತಿಂಗಳು ಮುಂದಕ್ಕೆ ಹೋಯಿತು. ಬಿಲ್ಡರ್ ಕಡೆಯವರೇ ಫೋನ್ ಮಾಡಿದರು.

ಮಾತುಕತೆಗೆ ನಾವು ಮೂವರೇ ಹೋದೆವು. ಕೈಯಲ್ಲಿ ಮಳೆಯ ಫೋಟೋಗಳು ಮತ್ತು ಮೂರೇ ಬೇಡಿಕೆ: ನೀರು ಹಿಡಿದಿಟ್ಟು ನಿಧಾನ ಬಿಡುವ ಕೊಳವನ್ನು ನಮ್ಮ ಕಡೆಯ ತಗ್ಗಿನಲ್ಲೇ ಮಾಡಬೇಕು, ಬೇಲಿಯಿಂದ 30 ಅಡಿ ಬಿಡಬೇಕು, ಬೇಲಿ ಪಕ್ಕದ ಸಾಲು ಎರಡೇ ಅಂತಸ್ತು ಇರಬೇಕು. ಅವರ ಇಂಜಿನಿಯರ್ ಕೊಳದ ಜಾಗ ನೋಡಿ, ಅಲ್ಲೇ ಮಾಡುವುದು ಸರಿ ಅಂತ ತಾವೇ ಒಪ್ಪಿದರು. 86 ಮನೆ 74ಕ್ಕೆ ಇಳಿಯಿತು. ಆ 12 ಮನೆ ಕಡಿಮೆಯಾದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ಅಷ್ಟು ಕುಟುಂಬಗಳಿಗೆ ಜಾಗ ಆಗುತ್ತಿತ್ತು. ಆದರೆ ಕೊಳಕ್ಕೆ ನೆಲ ಬೇಕಿತ್ತು.

ಒಂದು ವಿಷಯವನ್ನು ನಾವು ಬಿಡಲೇ ಇಲ್ಲ. ಬರೀ ಟೌನ್‌ಹೋಮ್ ಝೋನ್ ಅಂತ ಬದಲಾಯಿಸಿದರೆ ಒಂದೊಂದು ಜಾಗಕ್ಕೆ ಬೇರೆ ಷರತ್ತು ಹಾಕಲು ಬರುವುದಿಲ್ಲ. ಅದಕ್ಕೆ ಆ ಒಂದು ಜಾಗಕ್ಕೆಂದೇ ನಿಯಮ ಬರೆಯುವ ಪ್ಲಾನ್ಡ್ ಡೆವಲಪ್‌ಮೆಂಟ್ (ಪಿಡಿ) ಝೋನ್ ಆಗಬೇಕು. ಆಗ ಷರತ್ತುಗಳು ನಗರದ ಆರ್ಡಿನೆನ್ಸ್‌ನೊಳಗೇ, ಅಂದರೆ ಕಾನೂನಿನೊಳಗೇ, ಬರುತ್ತವೆ. ಜಾಗ ಬೇರೆಯವರಿಗೆ ಮಾರಿದರೂ ಉಳಿಯುತ್ತವೆ. ಮೀಟಿಂಗಿನಲ್ಲಿ ತೋರಿಸುವ ಬಣ್ಣದ ಚಿತ್ರಕ್ಕೆ, ಬಾಯಿಮಾತಿಗೆ ಆ ಬಲ ಇಲ್ಲ.

ಶುಕ್ರವಾರ ಸಂಜೆ ಕೌನ್ಸಿಲ್ ಅಜೆಂಡಾ ಬಂತು. ಜೊತೆಗೆ ಪಿಡಿಯ ಕರಡು, 23 ಪುಟ. ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು, ಸ್ಕೇಲ್ ಇಟ್ಟು ಸಾಲುಸಾಲಾಗಿ ಓದಿದೆ. ಕೊಳ ಇತ್ತು. 30 ಅಡಿ ಇತ್ತು. ಎರಡು ಅಂತಸ್ತಿನ ಮಾತೇ ಇರಲಿಲ್ಲ. ಎಲ್ಲ ಮನೆಯೂ 40 ಅಡಿ ಎತ್ತರ, ಅಂದರೆ ಮೂರು ಅಂತಸ್ತು, ಏಳಬಹುದು ಅಂತಿತ್ತು. ಎದೆ ಧಸಕ್ಕೆಂದಿತು. ಸೋಮವಾರ ಬೆಳಿಗ್ಗೆ 8ಕ್ಕೆ ಪ್ಲಾನರ್‌ಗೆ ಪುಟದ ಸಂಖ್ಯೆ ಬರೆದು ಈಮೇಲ್ ಹಾಕಿದೆ, ಬಿಲ್ಡರ್‌ಗೂ ಪ್ರತಿ ಕಳಿಸಿದೆ. ಕೈತಪ್ಪಿ ಬಿಟ್ಟುಹೋಗಿದೆ, ಸೇರಿಸುತ್ತೇವೆ ಅಂತ ಮಧ್ಯಾಹ್ನ ಉತ್ತರ ಬಂತು.

ಮಂಗಳವಾರ ರಾತ್ರಿ ನನ್ನ 3 ನಿಮಿಷದಲ್ಲಿ ನಾನು ಬೇರೇನೂ ಹೇಳಲಿಲ್ಲ. ಸೇರಿಸಿದ ಆ ಸಾಲನ್ನು ಪುಟದ ಸಂಖ್ಯೆಯ ಸಮೇತ ಓದಿ, ಹೀಗೇ ದಾಖಲೆಗೆ ಹೋಗುತ್ತದೆಯೇ ಅಂತ ಕೇಳಿದೆ. ನಗರದ ವಕೀಲರು ಹೌದು ಅಂದರು. ಆಮೇಲೆ ಓಟಿಗೆ ಹಾಕಿದರು. 6 ಪರ, 1 ವಿರೋಧ. ಹಿರಿಯರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.