ಹೋಮ್‌ಸ್ಟೇ ಲಿಂಕ್ ಕಳಿಸಿದ್ರೆ ಫೋಟೋನೂ ಬರ್ಬೇಕಾ? ಹೀಗೆ ಮಾಡಿ

ಶಿರಸಿ, ಯಲ್ಲಾಪುರ, ಕುಮಟಾ ಕಡೆ ಹೋಮ್‌ಸ್ಟೇ ನಡೆಸೋರ ವೆಬ್‌ಸೈಟ್ ನೋಡಿ ನೋಡಿ ಬೇಜಾರಾಗಿ ಇದನ್ನ ಬರೀತಿದ್ದೇನೆ. ತೋಟದ ಫೋಟೋ ಚಂದ ಇರ್ತದೆ, ತೊಡೆದೇವು ಎರೆಯೋ ವಿಡಿಯೋನೂ ಇರ್ತದೆ, ಆದ್ರೆ ಲಿಂಕ್ ವಾಟ್ಸಾಪಿಗೆ ಹಾಕಿದ್ರೆ ಬರೀ ನೀಲಿ ಅಕ್ಷರ. "ತಮಾ, ಗೂಗಲ್‌ದಲ್ಲಿ ನಮ್ಮನೆ ಕಾಣ್ತೇ ಇಲ್ಲೆ" ಅಂತ ಪರಿಚಯದವರು ಫೋನ್ ಮಾಡ್ತಾರೆ. ನಿಮ್ಮ ಪುಟವನ್ನ ಗಿರಾಕಿಗಿಂತ ಮೊದಲು ಇನ್ನೊಂದು ಸಾಫ್ಟ್‌ವೇರ್ ಓದ್ತದೆ, ಅದು ಹುಡುಕೋ ಜಾಗದಲ್ಲಿ ಮಾಹಿತಿ ಇಟ್ಟಿರ್ಬೇಕು.

ಮೊದಲು ಹೆಸರು, ವಿಳಾಸ, ಫೋನ್ ನಂಬರ್ ಒಂದು ಹಾಳೆಲಿ ಬರ್ಕೊಳ್ಳಿ, ಎಲ್ಲ ಕಡೆ ಅದನ್ನೇ ಹಾಕಿ. ಆಮೇಲೆ ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪಲ್ಲಿ, ಹುಡುಕಾಟದಲ್ಲಿ ನಿಮ್ಮ ಮನೆ ತೋರ್ಸೋ ಖಾತೆ) ಮಾಡಿ, ದುಡ್ಡು ಬೇಡ.

ಎರಡನೇದು ಓಪನ್ ಗ್ರಾಫ್, ಅಂದ್ರೆ ಲಿಂಕ್ ಕಳಿಸಿದಾಗ ಜೊತೆಗೆ ಯಾವ ಹೆಸರು, ಫೋಟೋ ತೋರ್ಸ್ಬೇಕು ಅಂತ ಹೇಳೋ ಸಾಲುಗಳು. ಫೇಸ್‌ಬುಕ್ 2010ರಲ್ಲಿ ತಂದ ಪದ್ಧತಿ, ಈಗ ವಾಟ್ಸಾಪ್, ಟೆಲಿಗ್ರಾಂ ಎಲ್ಲ ಇದನ್ನೇ ಓದ್ತವೆ. ಪುಟದ ಕೋಡ್‌ನ ಮೇಲಿನ ಹೆಡ್ ಭಾಗದಲ್ಲಿ ಟೈಟಲ್, ವಿವರಣೆ, ಇಮೇಜ್, ಯುಆರ್‌ಎಲ್ (ಪುಟದ ವಿಳಾಸ) ನಾಲ್ಕು ಟ್ಯಾಗ್ ಸಾಕು. ಇಮೇಜ್ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗಿ ಪೂರ್ತಿ ಇರ್ಬೇಕು, ಬರೀ ಫೈಲ್ ಹೆಸರು ಹಾಕಿದ್ರೆ ನಡಿಯೋದಿಲ್ಲ. ಅಳತೆ 1200 x 630 ಪಿಕ್ಸೆಲ್, ತೂಕ ನಾನು 300 ಕೆಬಿ ಒಳಗೇ ಇಡೋದು. ಫೋಟೋ ಬದಲಿಸಿದ್ಮೇಲೂ ಫೇಸ್‌ಬುಕ್ಕಲ್ಲಿ ಹಳೇದೇ ಬಂದ್ರೆ ಅವರ ಶೇರಿಂಗ್ ಡೀಬಗರ್‌ನಲ್ಲಿ ಲಿಂಕ್ ಹಾಕಿ ಮತ್ತೆ ಓದಿಸಿ.

ಎಲ್ಲರೂ ಎಡವೋದು ಮೂರನೇದ್ರಲ್ಲಿ, ಅದೇ ಸ್ಕೀಮಾ: ಇದು ಹೆಸರು, ಇದು ಫೋನು, ಇದು ಜಾಗ ಅಂತ ಸರ್ಚ್ ಇಂಜಿನ್ನಿಗೆ ಬಿಡಿಸಿ ಹೇಳೋ ಕೋಡ್. ಗೂಗಲ್, ಬಿಂಗ್, ಯಾಹೂ 2011ರಲ್ಲಿ ಸೇರಿ ಮಾಡಿದ ಶಬ್ದಪಟ್ಟಿ ಇದು, ಜೇಸನ್-ಎಲ್‌ಡಿ ಅನ್ನೋ ರೂಪದಲ್ಲಿ ಪುಟದೊಳಗೆ ಬರೀಬೇಕು. ಟೈಪ್ ಜಾಗದಲ್ಲಿ ಬರೀ ಆರ್ಗನೈಸೇಶನ್ ಬೇಡ, ಲಾಡ್ಜಿಂಗ್‌ಬಿಸಿನೆಸ್ (LodgingBusiness) ಅಂತಲೇ ಹಾಕಿ. ಫೋನಿಗೆ +91 ಸೇರ್ಸಿ. ಜಾಗದ ಅಂಕಿ ಹಾಕುವಾಗ ಲ್ಯಾಟಿಟ್ಯೂಡ್ (ಅಕ್ಷಾಂಶ) ಎದುರು 14ರಿಂದ ಶುರುವಾಗೋದು, ಲಾಂಗಿಟ್ಯೂಡ್ (ರೇಖಾಂಶ) ಎದುರು 74ರಿಂದ ಶುರುವಾಗೋದು. ನಾನು ನೋಡಿದ ಒಂದು ಪುಟದಲ್ಲಿ ಇವೆರಡೂ ಅದಲುಬದಲಾಗಿ ಶಿರಸಿಯ ಮನೆ ನಾರ್ವೆಗಿಂತ ಮೇಲೆ ಸಮುದ್ರದ ನಡುವೆ ಹೋಗಿ ಕೂತಿತ್ತು. ಕೊನೇ ಸಾಲಿನ ತುದಿಗೆ ಒಂದು ಅಲ್ಪವಿರಾಮ ಜಾಸ್ತಿಯಾದ್ರೂ ಇಡೀ ತುಂಡು ಕೆಟ್ಟುಹೋಗ್ತದೆ, ವಾಟ್ಸಾಪಿಂದ ಕಾಪಿ ಮಾಡಿ ತಂದ್ರೆ ಉದ್ಧರಣ ಚಿಹ್ನೆ ಸೊಟ್ಟಗಾಗಿ ಬಂದು ಅದೂ ಓದೋದಿಲ್ಲ, ಹಾಗಾಗಿ ಸಾದಾ ಟೆಕ್ಸ್ಟ್ ಎಡಿಟರಲ್ಲೇ ಬರೀರಿ. ಪುಟದಲ್ಲಿ ಕಾಣದ ಮಾತನ್ನ ಇಲ್ಲಿ ಸೇರಿಸ್ಬೇಡಿ. ನಿಮ್ಮ ಸೈಟಲ್ಲಿ ನಿಮಗೇ ಐದು ಸ್ಟಾರ್ ಕೊಟ್ಕೊಂಡ್ರೂ ಉಪಯೋಗ ಇಲ್ಲ, ಇಂಥ ಸ್ವಂತ ರಿವ್ಯೂ ಸ್ಟಾರ್ ತೋರ್ಸೋದನ್ನ ಗೂಗಲ್ 2019ರಲ್ಲೇ ನಿಲ್ಲಿಸಿದೆ. ಮುಗಿದ್ಮೇಲೆ ತಪ್ಪು ಹುಡುಕಿ ಕೊಡೋ ಸ್ಕೀಮಾ ವ್ಯಾಲಿಡೇಟರ್‌ನಲ್ಲಿ ಹಾಕಿ, ಕೆಂಪು ಎಲ್ಲ ಹೋಗೋ ತನಕ ಬಿಡ್ಬೇಡಿ.

ನಾಲ್ಕನೇದು ಸರ್ಚ್ ಕನ್ಸೋಲ್, ಸೈಟ್ ನಡೆಸೋರಿಗೆ ಗೂಗಲ್ ಕೊಡೋ ಸಾಧನ: ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಕೊಡಿ, ಇಂಡೆಕ್ಸಿಂಗ್ (ಪುಟವನ್ನ ಗೂಗಲ್ ತನ್ನ ಹುಡುಕಾಟಕ್ಕೆ ಸೇರ್ಸೋದು) ಕೇಳಿ, ಕಾಯಿರಿ.

ಇಲ್ಲಿ ಒಂದು ಮಾತು. "ಇಂಡೆಕ್ಸಿಂಗ್ ಎಪಿಐ ಹಾಕಿ ಒಂದೇ ದಿನಕ್ಕೆ ಗೂಗಲ್‌ನಲ್ಲಿ ತರ್ತೇವೆ" ಅಂತ ದುಡ್ಡು ಕೇಳೋರು ಬರ್ತಾರೆ, ದಯವಿಟ್ಟು ಕೊಡ್ಬೇಡಿ. ಅದು ಉದ್ಯೋಗದ ಜಾಹೀರಾತು ಮತ್ತೆ ಲೈವ್ ವಿಡಿಯೋ ಪುಟಗಳಿಗೆ ಮಾತ್ರ ಅಂತ ಗೂಗಲ್ಲೇ ಬರ್ದಿದೆ. ಪುಟ ಬದಲಾದದ್ದನ್ನ ಸರ್ಚ್ ಇಂಜಿನ್ನಿಗೆ ತಕ್ಷಣ ತಿಳಿಸೋಕೆ 2021ರಲ್ಲಿ ಬಂದ ಇಂಡೆಕ್ಸ್‌ನೌ ಪುಕ್ಕಟೆ ಇದೆ, ಬಿಂಗ್ ಅದನ್ನ ತಗೊಳ್ತದೆ.

ಮಳೆಗಾಲದಲ್ಲಿ ಮನೆ ಮುಚ್ಚಿದ್ರೆ ಬಿಸಿನೆಸ್ ಪ್ರೊಫೈಲಲ್ಲಿ "ತಾತ್ಕಾಲಿಕವಾಗಿ ಮುಚ್ಚಿದೆ" ಅಂತ ಅವತ್ತೇ ಒತ್ತಿ, ಇಲ್ಲಾಂದ್ರೆ ಹುಬ್ಬಳ್ಳಿಯಿಂದ ಮಕ್ಕಳನ್ನ ಕಟ್ಕೊಂಡು ಬಂದವರು ಗೇಟಿನ ಹತ್ರ ನೆನೀತಾ ನಿಂತಿರ್ತಾರೆ.