ಟೋಕಿಯೋಗೆ ಕಟ್ಟಿಹಾಕದ ರಸ್ಟ್ ಲೈಬ್ರರಿ: ನನ್ನ ಅನುಭವ

ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನೆಟ್‌ವರ್ಕ್ ಕೆಲಸ ಅಂದ್ರೆ ಸಾಕು, ಎಲ್ಲರೂ ಮೊದಲು ಟೋಕಿಯೋ ಅನ್ನೋ ರನ್‌ಟೈಮ್ (ಹಲವು ಕೆಲಸಗಳನ್ನು ಒಟ್ಟಿಗೆ ಓಡಿಸುವ ಲೈಬ್ರರಿ) ಸೇರಿಸುತ್ತಾರೆ. ಹೀಗೇ ಮಾಡಿ ಅಂತ ಭಾಷೆ ಹೇಳಿಲ್ಲ. ಭಾಷೆಯಲ್ಲೇ ಇದ್ದ ಗ್ರೀನ್ ಥ್ರೆಡ್‌ಗಳನ್ನು (ಆಪರೇಟಿಂಗ್ ಸಿಸ್ಟಮ್ ಬದಲು ರನ್‌ಟೈಮ್ ನಿಭಾಯಿಸುವ ಥ್ರೆಡ್‌ಗಳು) 2015ರ 1.0 ಆವೃತ್ತಿಗೂ ಮುಂಚೆಯೇ ತೆಗೆದುಹಾಕಿದ್ದರು. 2019ರ ನವೆಂಬರ್‌ನಲ್ಲಿ ಅಸಿಂಕ್-ಅವೇಟ್ (ಕಾಯಬೇಕಾದ ಕೆಲಸವನ್ನು ಥ್ರೆಡ್ ತಡೆಯದೆ ಬರೆಯುವ ರೀತಿ) ಬಂತು, ಆದರೆ ಅದನ್ನು ಓಡಿಸುವ ರನ್‌ಟೈಮ್ ಜೊತೆಗೆ ಬರಲಿಲ್ಲ. 2016ರಲ್ಲೇ ಶುರುವಾಗಿದ್ದ ಟೋಕಿಯೋ ಅಷ್ಟರಲ್ಲಿ ಆ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು.

ಟೋಕಿಯೋ ಬಹಳ ಒಳ್ಳೆಯ ಕೆಲಸ. ನನ್ನ ಸರ್ವರ್‌ಗಳೆಲ್ಲ ಅದರ ಮೇಲೇ ಓಡುತ್ತವೆ. ಆದರೆ ಅದರ ಒಂದು ತೀರ್ಮಾನ ಇಡೀ ಸಮುದಾಯದ ಅಭ್ಯಾಸವಾಗಿದೆ. ಅದರ ಮಲ್ಟಿಥ್ರೆಡ್ ಶೆಡ್ಯೂಲರ್ ಒಂದು ಥ್ರೆಡ್‌ನ ಕೆಲಸವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಹಾಗಾಗಿ ಕೆಲಸ ಶುರು ಮಾಡುವ ಸ್ಪಾನ್ ಫಂಕ್ಷನ್‌ಗೆ ಕೊಡುವ ಫ್ಯೂಚರ್ (ಮುಂದೆ ಮುಗಿಯುವ ಕೆಲಸ) ಸೆಂಡ್ ಆಗಿರಬೇಕು, ಅಂದರೆ ಥ್ರೆಡ್ ದಾಟಬಲ್ಲದ್ದಾಗಿರಬೇಕು. ಅದು ಕರೆದವರಿಗಿಂತ ಹೆಚ್ಚು ಹೊತ್ತು ಓಡಬಹುದು, ಹಾಗಾಗಿ ಸ್ಟ್ಯಾಟಿಕ್ ಕೂಡ ಆಗಿರಬೇಕು, ಅಂದರೆ ಬೇರೆಯವರ ಡೇಟಾವನ್ನು ತಾತ್ಕಾಲಿಕವಾಗಿ ಎರವಲು ಪಡೆದಿರಬಾರದು. ಅದಕ್ಕೇ ಹೊಸಬರ ಕೋಡ್ ತುಂಬಾ ಆರ್ಕ್, ಮ್ಯೂಟೆಕ್ಸ್ (ಥ್ರೆಡ್‌ಗಳ ನಡುವೆ ಡೇಟಾ ಹಂಚಲು, ಬೀಗ ಹಾಕಲು ಬಳಸುವ ಟೈಪ್‌ಗಳು). ರಸ್ಟ್ ಕಷ್ಟ ಅಂತ ಕೈಬಿಡುವವರನ್ನು ನೋಡಿದರೆ ಬೇಜಾರಾಗುತ್ತದೆ. ಇದು ರನ್‌ಟೈಮ್ ಕೇಳುತ್ತಿರುವುದು, ಭಾಷೆ ಕೇಳುತ್ತಿರುವುದಲ್ಲ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಇದು ಭಾಷೆಗೂ ತಟ್ಟಿದೆ. 2023ರ ಡಿಸೆಂಬರ್‌ನ ರಸ್ಟ್ 1.75ರಲ್ಲಿ ಟ್ರೇಟ್ (ಟೈಪ್‌ಗಳು ಪಾಲಿಸಬೇಕಾದ ಫಂಕ್ಷನ್‌ಗಳ ಪಟ್ಟಿ) ಒಳಗೆ ಅಸಿಂಕ್ ಫಂಕ್ಷನ್ ಬರೆಯಲು ಅವಕಾಶ ಸಿಕ್ಕಿತು. ಆದರೆ ಪಬ್ಲಿಕ್ ಟ್ರೇಟ್‌ನಲ್ಲಿ ಬರೆದರೆ ಕಂಪೈಲರ್ ಎಚ್ಚರಿಸುತ್ತದೆ, ಕಾರಣ ಮತ್ತೆ ಅದೇ ಸೆಂಡ್: ಫ್ಯೂಚರ್ ಸೆಂಡ್ ಆಗಿರಲೇಬೇಕು ಅಂತ ಅಲ್ಲಿ ಬರೆಯಲು ಬರುವುದಿಲ್ಲ.

ಮಾಡ್‌ಬಸ್ (ಕೈಗಾರಿಕಾ ಸಾಧನಗಳು ಮಾತಾಡುವ ಪ್ರೋಟೋಕಾಲ್) ಮೀಟರ್‌ಗಳನ್ನು ಓದುವ ಲೈಬ್ರರಿ ಬರೆಯುವಾಗ ನಾನು ಬೇರೆ ದಾರಿ ಹಿಡಿದೆ. ಅದು ಸರ್ವರ್‌ನಲ್ಲೂ ಓಡಬೇಕಿತ್ತು, ಎಂಬಸಿ (ಚಿಪ್‌ಗಳಿಗಾಗಿ ಇರುವ ಅಸಿಂಕ್ ರನ್‌ಟೈಮ್) ಹಾಕಿದ ಪುಟ್ಟ ಮೈಕ್ರೋಕಂಟ್ರೋಲರ್‌ನಲ್ಲೂ ಓಡಬೇಕಿತ್ತು. ಅಲ್ಲಿ ಟೋಕಿಯೋ ನಡೆಯುವುದಿಲ್ಲ, ಹೀಪ್ (ಬೇಕಾದಾಗ ಮೆಮೊರಿ ಪಡೆಯುವ ಜಾಗ) ಕೂಡ ಇರಲಿಲ್ಲ.

ಹಾಗಾಗಿ ಪ್ರೋಟೋಕಾಲ್ ಭಾಗದಲ್ಲಿ ಅಸಿಂಕ್ ಅನ್ನೋದನ್ನೇ ಇಟ್ಟಿಲ್ಲ. ಸ್ಥಿತಿ ಇಟ್ಟುಕೊಳ್ಳುವ ಒಂದು ಸ್ಟ್ರಕ್ಟ್, ಅದಕ್ಕೆ ಬಂದ ಬೈಟ್‌ಗಳನ್ನು ಕೊಡುವ ಒಂದು ಫಂಕ್ಷನ್, ಅಷ್ಟೇ. ಉತ್ತರ ಮೂರರಲ್ಲಿ ಒಂದು: ಇನ್ನೂ ಬೈಟ್ ಬೇಕು, ಫ್ರೇಮ್ (ಒಂದು ಸಂದೇಶ) ಪೂರ್ತಿಯಾಯಿತು, ಅಥವಾ ಸಿಆರ್‌ಸಿ (ತಪ್ಪು ಹಿಡಿಯುವ ಸಂಖ್ಯೆ) ತಾಳೆಯಾಗಲಿಲ್ಲ. ಸಾಕೆಟ್‌ನಿಂದ ಓದುವುದು ಮೇಲಿನ ತೆಳು ಪದರದ ಕೆಲಸ. ಟೋಕಿಯೋಗೆ ಒಂದು ಪದರ, ಎಂಬಸಿಗೆ ಇನ್ನೊಂದು. ಬೈಟ್ ಓದಲು ಬಳಸುವ ಅಸಿಂಕ್‌ರೀಡ್ ಟ್ರೇಟ್ ಟೋಕಿಯೋದ್ದೇ ಬೇರೆ, ಫ್ಯೂಚರ್ಸ್ ಅನ್ನೋ ಇನ್ನೊಂದು ಲೈಬ್ರರಿಯದೇ ಬೇರೆ. ಆ ತಲೆನೋವೂ ಪದರದಲ್ಲೇ ಮುಗಿಯುತ್ತದೆ.

ಟೆಸ್ಟ್ ಬರೆಯುವುದಂತೂ ಸಲೀಸಾಯಿತು. ಒಂದು ಫ್ರೇಮನ್ನು ಪ್ರತಿ ಬೈಟ್‌ನಲ್ಲೂ ಎರಡು ತುಂಡು ಮಾಡಿ ಕೊಡುತ್ತೇನೆ. ರನ್‌ಟೈಮ್ ಬೇಕಾಗುವುದೇ ಇಲ್ಲ.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಸಮಯದ ವಿಷಯಕ್ಕೆ. ಮಾಡ್‌ಬಸ್ ಆರ್‌ಟಿಯುನಲ್ಲಿ (ಸೀರಿಯಲ್ ಲೈನ್ ಮೇಲಿನ ಮಾಡ್‌ಬಸ್) ಮೂರೂವರೆ ಅಕ್ಷರದಷ್ಟು ಹೊತ್ತು ಲೈನ್ ಸುಮ್ಮನಿದ್ದರೆ ಫ್ರೇಮ್ ಮುಗಿಯಿತು ಅಂತ ಲೆಕ್ಕ. ಟೋಕಿಯೋದ ಸ್ಲೀಪ್ ಕರೆದಿದ್ದರೆ ಇಡೀ ಲೈಬ್ರರಿ ಅದಕ್ಕೇ ಅಂಟಿಕೊಳ್ಳುತ್ತಿತ್ತು. ಬದಲಿಗೆ ಈಗಿನ ಸಮಯವನ್ನೂ ಮೈಕ್ರೋಸೆಕೆಂಡ್‌ಗಳಲ್ಲಿ ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳುತ್ತೇನೆ. ಮತ್ತೆ ಯಾವಾಗ ಕರೆಯಬೇಕು ಅಂತ ಸ್ಟ್ರಕ್ಟ್ ಹೇಳುತ್ತದೆ, ಟೈಮರ್ ಇಡುವುದು ಹೊರಗಿನವರ ಕೆಲಸ.